ದಂಡಿನ ಪುಸ್ತಕ ಮಳಿಗೆ

ಮಾಲೂರಿನಲ್ಲಿ ರೈಲು ಹತ್ತಿ ಬೆಂಗಳೂರಿನ ದಂಡಿನಲ್ಲಿ ಇಳಿಯುವುದು ನಮ್ಮ ಕಡೆಯವರ ಹಳೆಯ ರೂಢಿ. ಆ ದಾರಿ 1864ರದು. ದಂಡಿನ ಸೌತ್ ಪೆರೇಡಿನಲ್ಲಿ 1905ರಲ್ಲಿ ಹಿಗಿನ್‌ಬಾಥಮ್ಸ್ ಪುಸ್ತಕ ಮಳಿಗೆ ತೆರೆಯಿತು. ಅದರ ಮೂಲ 1844ರ ಮದರಾಸು. ಬಿಳಿ ಗೋಡೆ, ಕಂಬಗಳು, ಎರಡಂತಸ್ತು, ಎದುರಿಗೆ ಪೆರೇಡು ಮೈದಾನ. ದೊರೆಗಳ ಓದಿಗೆಂದೇ ಬಂದ ಅಂಗಡಿ. ಕೋಲಾರದ ಗಣಿಯಲ್ಲಿ ಜಾನ್ ಟೇಲರ್ ಕಂಪೆನಿ ಚಿನ್ನ ತೆಗೆಸುತ್ತಿದ್ದ ಕಾಲವದು. ಬೆವರು ಇಲ್ಲಿಯದು, ಲಾಭ ಲಂಡನ್ನಿನದು.

1948ರಲ್ಲಿ ರಸ್ತೆಗೆ ಗಾಂಧೀಜಿಯ ಹೆಸರು ಬಂತು. ಆಮೇಲೆ ನಮ್ಮಂಥವರೂ ಚಪ್ಪಲಿ ಸದ್ದಾಗದಂತೆ ಒಳಹೊಕ್ಕೆವು. 2011ರಲ್ಲಿ ಎದುರಿಗೆ ಮೆಟ್ರೊ ಓಡುವ ಹೊತ್ತಿಗೆ ಅದೇ ರಸ್ತೆಯ 1936ರ ಪ್ಲಾಜಾ ಟಾಕೀಸು ಇರಲಿಲ್ಲ. ಪುಸ್ತಕದ ಕಟ್ಟಡ ಉಳಿದಿತ್ತು. ಕೋಲಾರ, ಮುಳಬಾಗಿಲು ಪೇಟೆಗಳಲ್ಲೋ ನಾವು ಮರದ ಕಂಬದ ಅಂಗಡಿಗಳನ್ನು ಕೆಡವಿ ಷಟರ್ ಹಾಕಿಸುತ್ತಿದ್ದೇವೆ. ಅವನ್ನು ಕಟ್ಟಿದ ವರ್ಷ ಯಾರಾದರೂ ಕೇಳಿದರೆ ಅಂಗಡಿಯ ಅಜ್ಜನೂ ಹೇಳಲಾರ, ನಾವೂ ಹೇಳಲಾರೆವು.