ಅರಗಿನ ಕಡೆತ

ಲೇತಿನ ಮೇಲೆ ಗಿರ್ರನೆ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದು, ಉಜ್ಜಾಟದಿಂದ ಹುಟ್ಟುವ ಕಾವಿನಲ್ಲೇ ಅದನ್ನು ಕರಗಿಸಿ, ಬಣ್ಣವನ್ನೂ ಮೆರುಗನ್ನೂ ಒಟ್ಟಿಗೇ ಕೂರಿಸುವ ಕೆಲಸಕ್ಕೆ ಅರಗಿನ ಕಡೆತ ಎನ್ನಬಹುದು. ಇದಕ್ಕೆ ಕುಂಚ ಬೇಡ, ಒಣಗುವವರೆಗೆ ಕಾಯಬೇಕಾಗಿಯೂ ಇಲ್ಲ. ಕರ್ನಾಟಕದಲ್ಲಿ ಈ ಕೆಲಸಕ್ಕೆ ಹೆಸರಾದ ಊರು ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು 60 ಕಿ.ಮೀ. ದೂರದಲ್ಲಿರುವ ಚನ್ನಪಟ್ಟಣ. ಗೊಂಬೆಗಳ ಊರೆಂದು ಅದನ್ನು ಕರೆಯುವುದು ವಾಡಿಕೆ. ಆದರೆ ಅಲ್ಲಿನ ಗೊಂಬೆಯ ಆಕಾರಕ್ಕಿಂತ ಅದರ ಮೈಹೊಳಪೇ ಆ ಊರಿನ ನಿಜವಾದ ಗುರುತು.

ಅರಗು ಕೆರಿಯಾ ಲಕ್ಕಾ ಎಂಬ ಸಣ್ಣ ಕೀಟದ ಸ್ರಾವ. ಮುತ್ತುಗ, ಬೋರೆ, ಕುಸುಮದಂಥ ಮರಗಳ ಎಳೆಯ ರೆಂಬೆಗಳಲ್ಲಿ ಈ ಕೀಟಗಳು ಸಾವಿರಗಟ್ಟಲೆ ಗುಂಪುಗೂಡಿ ರಸ ಹೀರುತ್ತ, ತಮ್ಮ ಸುತ್ತ ಅಂಟು ಕಟ್ಟಿಕೊಳ್ಳುತ್ತವೆ. ಅದನ್ನು ಕೆರೆದು, ತೊಳೆದು, ಕರಗಿಸಿ ಸೋಸಿ ತೆಳ್ಳಗೆ ಹರಡಿದರೆ ಅಂಗಡಿಯಲ್ಲಿ ಸಿಗುವ ಚಪಡಾ ಅರಗು ಸಿದ್ಧ. ಇಂದು ದೇಶದಲ್ಲಿ ಇದರ ಬೆಳೆಗೆ ಮುಂದಿರುವುದು ಜಾರ್ಖಂಡ್. ರಾಂಚಿಯ ಬಳಿಯ ನಾಮಕುಮ್‌ನಲ್ಲಿ 1924ರಲ್ಲೇ ಅರಗಿನ ಸಂಶೋಧನಾ ಸಂಸ್ಥೆ ಹುಟ್ಟಿತು. ಹಳೆಯ 78 ಸುತ್ತಿನ ಗ್ರಾಮಫೋನ್ ತಟ್ಟೆಗಳಿಗೂ ಬೇಕಾಗಿದ್ದುದು ಇದೇ ಅರಗು. ಪಾಂಡವರನ್ನು ಸುಡಲು ಕಟ್ಟಿದ ಅರಗಿನ ಮನೆಯ ಕತೆಯಿಂದ ಅದು ಬೇಗ ಹೊತ್ತಿಕೊಳ್ಳುವ ವಸ್ತುವೆಂಬುದು ಎಲ್ಲರಿಗೂ ಗೊತ್ತು. ಕಡೆಯುವವನಿಗೆ ಮುಖ್ಯವಾದದ್ದು ಬೇರೆ ಗುಣ: ಸುಮಾರು 75 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟರಲ್ಲಿ ಅದು ಮೆತ್ತಗಾಗಿ ಕರಗುತ್ತದೆ, ಆರಿದ ಕೂಡಲೇ ಗಾಜಿನಂತೆ ಗಟ್ಟಿಯಾಗುತ್ತದೆ. ಕೈಯ ಒತ್ತಡ ಮತ್ತು ಲೇತಿನ ವೇಗದಿಂದ ಅಷ್ಟು ಕಾವನ್ನು ಹುಟ್ಟಿಸಬಹುದು. ಇಡೀ ಕಸುಬು ನಿಂತಿರುವುದು ಇದರ ಮೇಲೆ.

ಚನ್ನಪಟ್ಟಣದಲ್ಲಿ ಹಿಂದಿನಿಂದ ಬಳಸುತ್ತಿದ್ದುದು ಆಲೆಮರ. ಹಾಲುಬಣ್ಣದ, ನಯವಾದ ಎಳೆಯ, ಹಗುರ ಮರವಿದು. ಮರವನ್ನು ತುಂಡರಿಸಿ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಒಳಗೆ ತೇವ ಉಳಿದರೆ ಅರಗು ಹಿಡಿಯದೆ ಸಿಪ್ಪೆ ಏಳುತ್ತದೆ. ಆಮೇಲೆ ಉಳಿಯಿಂದ ಕಡೆದು, ಉಪ್ಪುಕಾಗದದಿಂದ ನುಣ್ಣಗೆ ಮಾಡಿ ಬಣ್ಣಕ್ಕೆ ಕೈ ಹಾಕುತ್ತಾರೆ. ಬಣ್ಣದ ಕಡ್ಡಿ ಮಾಡುವುದೇ ಪ್ರತ್ಯೇಕ ವಿದ್ಯೆ. ಕೆಂಡದ ಮೇಲೆ ಮೆತ್ತಗಾದ ಅರಗಿಗೆ ಬಣ್ಣದ ಪುಡಿ ಬೆರೆಸಿ, ಮಿಠಾಯಿಯವನು ಪಾಕ ಎಳೆಯುವ ಹಾಗೆ ಎಳೆದು ಮಡಚಿ, ಮತ್ತೆ ಎಳೆದು, ಒಂದೇ ಹದದ ಬಣ್ಣ ಬರುವವರೆಗೆ ನಾದಿ, ಕೊನೆಗೆ ಹೊಸೆದು ಕಡ್ಡಿ ಮಾಡುತ್ತಾರೆ.

ಆ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಮೊದಲು ಕಾಣುವುದು ಉಂಡೆಯುಂಡೆಯಾಗಿ ಅಂಟಿದ ಒರಟು ಪಟ್ಟೆ. ನೋಡಿದವರಿಗೆ ಕೆಲಸ ಕೆಟ್ಟಿತೆನ್ನಿಸಬೇಕು. ಆಗ ಕೇದಗೆಯದೋ ತಾಳೆಯದೋ ಒಂದು ಒಣ ಗರಿಯನ್ನು ಮಡಚಿ ಅದರ ಮೇಲೆ ಒತ್ತಿದರೆ ಅರಗು ಮತ್ತೆ ಕರಗಿ ಸಮನಾಗಿ ಹರಡಿ, ನೋಡನೋಡುತ್ತ ಕನ್ನಡಿಯಂಥ ಹೊಳಪು ಏಳುತ್ತದೆ. ನುಣುಪಾಗಿದ್ದೂ ಕಾವಿಗೆ ಕರಗದ ಗರಿಯ ಜಾಗದಲ್ಲಿ ಬಟ್ಟೆ ಹಿಡಿದರೆ ಅರಗು ಬಟ್ಟೆಗೇ ಅಂಟಿಕೊಳ್ಳುತ್ತದೆ. ವೇಗ ಸಾಲದಿದ್ದರೆ ಕಡ್ಡಿ ಕರಗುವುದಿಲ್ಲ. ಒಂದೇ ಕಡೆ ಹೆಚ್ಚು ಹೊತ್ತು ಒತ್ತಿದರೆ ಅರಗು ಕಂದಿ ಬಣ್ಣ ಕೆಡುತ್ತದೆ. ಈ ಎರಡರ ನಡುವಿನ ಹದವನ್ನು ಕೈ ಮಾತ್ರ ಕಲಿಯಬಲ್ಲದು, ಅದಕ್ಕೇ ಇದನ್ನು ಪುಸ್ತಕದಿಂದ ಕಲಿತವರು ಸಿಗುವುದಿಲ್ಲ.

ಚನ್ನಪಟ್ಟಣಕ್ಕೆ ಈ ಕಸುಬು ಬಂದದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ, ಪರ್ಷಿಯಾದಿಂದ ಕರೆಸಿದ ಕುಶಲಿಗರಿಂದ ಎಂಬ ಮಾತು ಊರಿನಲ್ಲಿ ಗಟ್ಟಿಯಾಗಿ ಬೇರೂರಿದೆ. ಆದರೆ ಅರಗಿನ ಕಡೆತ ಭಾರತದ ಹಲವೆಡೆ ಇದೆ. ಆಂಧ್ರದ ಏಟಿಕೊಪ್ಪಾಕದವರು ಅಂಕುಡು ಎಂದು ಕರೆದು ಕಡೆಯುವುದೂ ಇದೇ ಆಲೆಮರವನ್ನೇ. ಕಛ್‌ನ ನಿರೋಣಾದಲ್ಲಿ ವಾಢಾ ಕುಶಲಿಗರು ಹಗ್ಗ ಸುತ್ತಿದ ಬಿಲ್ಲನ್ನು ಹಿಂದೆ ಮುಂದೆ ಎಳೆಯುವ ಕೈಲೇತಿನಲ್ಲೇ ಬಣ್ಣದ ಅಲೆಗಳನ್ನು ಮೂಡಿಸುತ್ತಾರೆ. ಗುಜರಾತಿನ ಸಂಖೇಡಾದ ಪೀಠೋಪಕರಣ, ಕೊಂಕಣದ ಸಾವಂತವಾಡಿಯ ಆಟಿಕೆಗಳೂ ಈ ಬಳಗದವೇ. ಇಷ್ಟು ಹರಡಿಕೊಂಡ ವಿದ್ಯೆಯ ಮೂಲವನ್ನು ಒಬ್ಬ ದೊರೆಯ ಆಹ್ವಾನಕ್ಕೆ ಕಟ್ಟಿಹಾಕುವುದು ಕಷ್ಟ. ಸುಲ್ತಾನನ ಆಶ್ರಯ ಅದಕ್ಕೆ ಊರೊಂದನ್ನು ಒದಗಿಸಿತು ಎಂದರೆ ಒಪ್ಪಬಹುದು.

ಇಪ್ಪತ್ತನೆಯ ಶತಮಾನದ ಬದಲಾವಣೆಗಳೊಂದಿಗೆ ಬಾವಾಸ್ ಮಿಯಾನ್ ಅವರ ಹೆಸರು ಸೇರಿಕೊಂಡಿದೆ. ಜಪಾನಿನ ಆಟಿಕೆ ತಯಾರಿಕೆಯ ವಿಧಾನಗಳನ್ನು ತಂದು ಊರಿನವರಿಗೆ ಕಲಿಸಿದವರೆಂದು ಅವರನ್ನು ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಎನ್ನುತ್ತಾರೆ. ಕಾಲಕ್ರಮದಲ್ಲಿ ಬಿಲ್ಲಿನ ಲೇತು ಹಿಂದೆ ಸರಿದು ವಿದ್ಯುತ್ತಿನದು ಬಂತು. ಬಿಲ್ಲಿನಲ್ಲಿ ಮರ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತಿರುಗುತ್ತದೆ. ಮೋಟಾರು ಒಂದೇ ದಿಕ್ಕಿನಲ್ಲಿ, ಒಂದೇ ವೇಗದಲ್ಲಿ ತಿರುಗಿಸುವುದರಿಂದ ಮೆರುಗು ಸಮವಾಯಿತು, ದಿನದ ದುಡಿಮೆಯೂ ಹೆಚ್ಚಿತು. ಕುಂಕುಮದ ಭರಣಿ, ಗಿಲಕಿ, ಬುಗುರಿಗಳ ಜೊತೆಗೆ ಮಣಿಸರ, ಬಳೆ, ದೀಪದ ಕಂಬಗಳೂ ಹೊರಬಂದವು. ಆಲೆಮರದ ಜೊತೆಗೆ ರಬ್ಬರ್ ಮರದಂಥವೂ ಬಳಕೆಗೆ ಬಂದವು.

ಪಶ್ಚಿಮದಲ್ಲಿ ಇದೇ ಅರಗು ಬೇರೆ ದಾರಿ ಹಿಡಿಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ಚಪಡಾವನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ತಿಕ್ಕುವ ಪಾಲಿಶ್ ಬಳಕೆಗೆ ಬಂತು. ಲೇತಿನ ಕೆಲಸಗಾರರು ಅದಕ್ಕೆ ಎಣ್ಣೆಯನ್ನೋ ಮೇಣವನ್ನೋ ಸೇರಿಸಿದರು. ಅರಗಿನ ದ್ರಾವಣ, ಸ್ಪಿರಿಟ್, ಅಗಸೆ ಎಣ್ಣೆ ಸಮಪಾಲು ಎಂಬುದು ಅವರಲ್ಲಿ ಸಾಮಾನ್ಯ ಅಳತೆ. ತಿರುಗುವ ಮರಕ್ಕೆ ಇದನ್ನು ಬಟ್ಟೆಯಿಂದ ಒತ್ತಿದಾಗ ಉಜ್ಜಾಟದ ಕಾವಿಗೆ ಸ್ಪಿರಿಟ್ ಆರಿ ಹೊಳಪು ನಿಲ್ಲುತ್ತದೆ. ಫರ್ನಿಚರ್ ಪೇಟೆಗಳ ಕೆಲಸಗಾರರು ಫ್ರೆಂಚ್ ಪಾಲಿಶ್ ಎನ್ನುವುದು ಈ ಸ್ಪಿರಿಟ್‌ನ ದಾರಿಯನ್ನೇ. ಚನ್ನಪಟ್ಟಣದ ಕಡ್ಡಿಯಲ್ಲಿ ದ್ರಾವಕವಿಲ್ಲ, ವಾಸನೆಯಿಲ್ಲ, ಬಣ್ಣಕ್ಕೆ ಎರಡನೆಯ ಕೆಲಸವೂ ಇಲ್ಲ. ಕಡೆದ ವಸ್ತುವಿನ ಮಟ್ಟಿಗೆ ಅದೇ ಮೇಲು. ಹಲಗೆಗೆ ಮಾತ್ರ ಅದು ನಡೆಯದು, ಏಕೆಂದರೆ ತಿರುಗದ ಮರಕ್ಕೆ ಕಾವು ಹುಟ್ಟುವುದಿಲ್ಲ.

ಈ ಕಸುಬಿನಲ್ಲಿ ಎದ್ದ ದೊಡ್ಡ ತಕರಾರು ಅರಗಿನದಲ್ಲ, ಅದಕ್ಕೆ ಬೆರೆಸಿದ ಬಣ್ಣದ್ದು. ಶುದ್ಧ ಅರಗು ಮಾತ್ರೆ, ಮಿಠಾಯಿಗಳ ಮೇಲಿನ ಹೊದಿಕೆಗೂ ಸಲ್ಲುತ್ತದೆ. ರಾಸಾಯನಿಕ ಬಣ್ಣಗಳು ಬಂದ ಮೇಲೆ, ಮಗು ಬಾಯಿಗಿಡುವ ಗಿಲಕಿಯಲ್ಲಿ ಸೀಸದಂಥ ಲೋಹ ಇರಬಾರದೆಂಬ ವಿದೇಶಿ ನಿಯಮಗಳು ಅಡ್ಡಬಂದವು. ಅರಿಶಿನದ ಹಳದಿ, ನೀಲಿಗಿಡದ ನೀಲಿ, ಕಾಚಿನ ಕಂದು ಮತ್ತೆ ಬೆಲೆ ಕಂಡದ್ದು ಈ ಒತ್ತಾಯದಿಂದಲೇ. 2005–06ರಲ್ಲಿ ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. 2021ರ ಜನವರಿ 1ರಿಂದ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ, ನೋಂದಾಯಿತ ಕರಕುಶಲಿಗಳ ಮತ್ತು ಭೌಗೋಳಿಕ ಸೂಚಿಕೆ ಪಡೆದ ಆಟಿಕೆಗಳಿಗೆ ವಿನಾಯಿತಿ ಕೊಡಲಾಯಿತು.

ಅರಗಿನ ಮೆರುಗಿಗೆ ಬಿಸಿ ಮತ್ತು ಸ್ಪಿರಿಟ್ ಆಗದು. ಬಿಸಿ ಲೋಟ ಇಟ್ಟ ಕಡೆ ಬಿಳಿ ಉಂಗುರ ಏಳುತ್ತದೆ, ಸ್ಯಾನಿಟೈಸರ್ ತಾಗಿದರೆ ಬಣ್ಣ ಕೈಗೆ ಬರುತ್ತದೆ. ಮಂಕಾದ ವಸ್ತುವನ್ನು ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಅದಕ್ಕೂ ಮೀರಿ ಮಾಸಿದ್ದರೆ ಮತ್ತೆ ಲೇತಿಗೆ ಏರಿಸಿ ಗರಿ ಒತ್ತಿಸಬೇಕು, ಹಳೆಯ ಅರಗೇ ಮರಳಿ ಕರಗಿ ಹೊಳೆಯುತ್ತದೆ.