ಲಯಕ್ಕೊಂದು ಗಡಿಯಾರ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಶಾಲೆಯ ಶಾರದಾ ಪೂಜೆಯಲ್ಲಿ ನಾನು ಪೇಟಿ ನುಡಿಸುತ್ತಿದ್ದಾಗ ತಬಲಾ ಬಾರಿಸುತ್ತಿದ್ದ ಹುಡುಗ. ಈಗ ಅವನ ಮಗಳು ತಬಲಾ ಕಲಿಯುತ್ತಿದ್ದಾಳೆ. “ಸರ, ಮೊಬೈಲ್‌ನ್ಯಾಗ ಮೆಟ್ರೊನೋಮ್ ಹಚ್ಚಿಕೊಂಡು ಬಾರಸ್ತಾಳ್ರಿ. ಇದರಿಂದ ಲಯ ಗಟ್ಟಿ ಆಕ್ಕೇತೇನ್ರಿ, ಇಲ್ಲಾ ಹುಡುಗಿ ಮಿಷನ್ ಹಂಗ ಆಕ್ಕಾಳೇನ್ರಿ?” ಎಂದು ಕೇಳಿದ. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಿದೆ. ಆದರೆ ಅವನಿಗೆ ನಾನು ಕೊಡಬೇಕಾದ ಉತ್ತರ ಅಷ್ಟಕ್ಕೇ ಮುಗಿಯುವಂಥದಲ್ಲ. ಅದಕ್ಕಾಗಿಯೇ ಈ ಬರಹ.

ಮೊದಲು ಆ ಯಂತ್ರದ ಕಥೆ. 1814ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಡೀಟ್ರಿಚ್ ವಿಂಕೆಲ್ ಎಂಬಾತ ಒಂದು ಉಪಾಯ ಕಂಡುಕೊಂಡ. ಲೋಲಕ ನಿಧಾನವಾಗಿ ತೂಗಬೇಕೆಂದರೆ ಬಹಳ ಉದ್ದವಿರಬೇಕು. ಆದರೆ ಕಡ್ಡಿಯ ಕೀಲಿನ ಮೇಲೊಂದು, ಕೆಳಗೊಂದು ಭಾರವಿಟ್ಟರೆ ಗಿಡ್ಡ ಕಡ್ಡಿಯೂ ನಿಧಾನವಾಗಿ ತೂಗುತ್ತದೆ. ಮೇಲಿನ ಭಾರವನ್ನು ಏರಿಸಿದರೆ ನಡೆ ನಿಧಾನ, ಇಳಿಸಿದರೆ ಚುರುಕು. ಮರುವರ್ಷ, 1815ರಲ್ಲಿ, ಯೋಹಾನ್ ಮೆಲ್ಜೆಲ್ ಅದಕ್ಕೆ ಅಂಕಿಗಳ ಪಟ್ಟಿ ಸೇರಿಸಿ ತನ್ನ ಹೆಸರಿನಲ್ಲಿ ಪೇಟೆಂಟ್ ಪಡೆದ. ಕಂಡುಹಿಡಿದವನೊಬ್ಬ, ಹೆಸರು ಪಡೆದವನು ಮತ್ತೊಬ್ಬ! 1817ರಲ್ಲಿ ಬೀಥೋವನ್ ತನ್ನ ಎಂಟು ಸಿಂಫನಿಗಳಿಗೆ ಈ ಯಂತ್ರದ ಅಂಕಿಗಳನ್ನು ಗೊತ್ತುಮಾಡಿ ಪ್ರಕಟಿಸಿದ ಮೇಲೆ ಅದರ ಬಳಕೆಗೆ ಬಲ ಬಂತು.

ನಮ್ಮ ಸೀಮೆಯಲ್ಲಿ ಲಯಕ್ಕೆ ಯಂತ್ರ ಇರಲಿಲ್ಲ. ಗುರುವಿನ ಕೈ ಇತ್ತು. ಕಾಗವಾಡದವರಿಗೆ ಮಿರಜ ಪರವೂರಲ್ಲ. ರಾಜ್ಯದ ಗಡಿ ದಾಟಿದರೆ ಆಯಿತು. ಅಲ್ಲಿಯ ಸಿತಾರ್, ತಂಬೂರಿಗಳು ದೇಶದಲ್ಲೆಲ್ಲ ಹೆಸರಾದವು; 2024ರಲ್ಲಿ ಅವುಗಳಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರಕಿತು. ಕುರುಂದವಾಡದಲ್ಲಿ 1872ರಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರು ಆ ಮಿರಜದಲ್ಲಿಯೇ ಬಾಳಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರಾದರು. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದ ಅವರು, ಮಾತ್ರೆಯ ಅರ್ಧ, ಕಾಲು, ಎಂಟನೆಯ ಒಂದು ಭಾಗಕ್ಕೂ ಬೇರೆ ಬೇರೆ ಗುರುತುಗಳುಳ್ಳ ಸ್ವರಲಿಪಿಯನ್ನು ರೂಪಿಸಿದರು. ಆದರೆ ಕಾಗದದ ಮೇಲಿನ ಗುರುತು ತಾನಾಗಿ ತೂಗುವುದಿಲ್ಲ. ಅದನ್ನು ನಡೆಸಲು ಚಪ್ಪಾಳೆ ಬೇಕು.

ಇನ್ನೊಂದು ಸಂಗತಿ. ನಿವೃತ್ತ ಡೆಪ್ಯುಟಿ ಕಲೆಕ್ಟರರಾಗಿದ್ದ ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಉಸ್ತಾದ್ ಅಬ್ದುಲ್ ಕರೀಂ ಖಾನರ ನೆರವು ಪಡೆದು ಇಪ್ಪತ್ತೆರಡು ಶ್ರುತಿಗಳನ್ನು ಅಳೆಯಲು ಹೊರಟರು. 1910ರಲ್ಲಿ ಪುಸ್ತಕವನ್ನೂ ಪ್ರಕಟಿಸಿದರು. ಅಲ್ಲಿ ಅಳೆದದ್ದು ಸ್ವರವನ್ನು. ಲಯ ಮಾತ್ರ ಮೊದಲಿನಂತೆ ತಬಲಜಿಯ ಬೆರಳಲ್ಲಿಯೇ ಉಳಿಯಿತು. ಖಾನ್‌ಸಾಹೇಬರು 1937ರಲ್ಲಿ ತೀರಿಕೊಂಡರು. ಮಿರಜದ ದರ್ಗಾದ ಆವರಣದಲ್ಲಿ ಅವರ ಸಮಾಧಿಯಿದೆ.

ಇಲ್ಲಿ ಒಂದು ಲೆಕ್ಕ ನೋಡಿ. ಹಳೆಯ ಮೆಟ್ರೊನೋಮಿನ ಪಟ್ಟಿಯಲ್ಲಿ ನಿಮಿಷಕ್ಕೆ 40ರಿಂದ 208 ಬಡಿತಗಳು. ಅತಿ ವಿಲಂಬಿತ ಏಕತಾಲದಲ್ಲಾದರೋ 12 ಮಾತ್ರೆಗಳ ಒಂದು ಆವರ್ತನಕ್ಕೇ ಒಂದು ನಿಮಿಷ ಹಿಡಿಯಬಹುದು. ಅಂದರೆ ನಿಮಿಷಕ್ಕೆ 12 ಮಾತ್ರೆ! ಆ ಯಂತ್ರದ ಪಟ್ಟಿಯಲ್ಲಿ ನಮ್ಮ ವಿಲಂಬಿತಕ್ಕೆ ಜಾಗವೇ ಇಲ್ಲ. ಆದರೆ ತಬಲಜಿ ಪ್ರತಿ ಮಾತ್ರೆಯನ್ನು ನಾಲ್ಕು ಪಾಲು ಮಾಡಿಕೊಂಡು ಠೇಕಾ ತುಂಬುತ್ತಾನೆ. ಆಗ ಬಡಿತ 48 ಆಗುತ್ತದೆ. ಯಂತ್ರಕ್ಕಿಲ್ಲದ ಇನ್ನೊಂದು ತಿಳಿವಳಿಕೆಯೂ ಅವನಿಗಿದೆ. ತೀನತಾಲದ 16 ಮಾತ್ರೆಗಳಲ್ಲಿ 1, 5, 13ಕ್ಕೆ ತಾಳಿ, 9ಕ್ಕೆ ಖಾಲಿ. ಯಂತ್ರಕ್ಕೆ ಎಲ್ಲ ಬಡಿತವೂ ಒಂದೇ. ಸಮ್ ಎಲ್ಲಿ, ಖಾಲಿ ಎಲ್ಲಿ ಎಂಬುದನ್ನು ಅದು ಅರಿಯದು. ಈ ಕೊರತೆಯನ್ನು ತುಂಬುವ ಕೆಲಸ ನಮ್ಮ ನಾಡಿನಲ್ಲಿಯೇ ನಡೆಯಿತು. 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ತಯಾರಿಸಿದ ಬೆಂಗಳೂರಿನ ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಸಂಸ್ಥೆ ಮುಂದೆ ತಾಳೋಮೀಟರ್, ತಾಲಮಾಲಾ ಯಂತ್ರಗಳನ್ನು ತಂದಿತು. ತಾಲಮಾಲಾ ಠೇಕಾವನ್ನೇ ನುಡಿಸುತ್ತದೆ.

ಈಗ ನನ್ನ ಸ್ವಂತ ವಿಷಯ. ಶಾರದಾ ಪೂಜೆಯ ಹಾಡು ಪ್ರತಿವರ್ಷವೂ ನಿಧಾನವಾಗಿ ಆರಂಭವಾಗಿ ಓಡೋಡಿ ಮುಗಿಯುತ್ತಿತ್ತು. ಎಲ್ಲರ ಎದುರಿಗೆ ನಾನು ಆ ತಬಲಾ ಹುಡುಗನನ್ನೇ ಗದರುತ್ತಿದ್ದೆ: “ಓಡಬ್ಯಾಡಲೇ!” ಅವನು ತಲೆ ತಗ್ಗಿಸುತ್ತಿದ್ದ, ಒಮ್ಮೆಯೂ ಎದುರಾಡಲಿಲ್ಲ. ನಿವೃತ್ತನಾದ ಮೇಲೆ ಮೊಮ್ಮಗ ಮೊಬೈಲಿನಲ್ಲಿ ಮೆಟ್ರೊನೋಮ್ ಹಾಕಿಕೊಟ್ಟ. 80ಕ್ಕೆ ಇಟ್ಟು ಅದೇ ಹಾಡನ್ನು ನುಡಿಸಿದೆ. ಕಷ್ಟದ ಕಡೆ ಸರಿಯಾಗಿಯೇ ಇದ್ದೆ. ಸುಲಭದ ಸಾಲು ಬಂತೋ ಇಲ್ಲವೋ, ಬಡಿತಕ್ಕಿಂತ ಮುಂದೆ ಹೋಗಿದ್ದೆ. ಮರುದಿನವೂ ಹಾಗೆಯೇ ಆಯಿತು. ಓಡುತ್ತಿದ್ದವನು ಹುಡುಗನಲ್ಲ, ಮಾಸ್ತರ. ಅವನು ನನ್ನ ಹಿಂದೆ ಓಡಿ ಬಂದು ಹಾಡು ಮುರಿಯದಂತೆ ಕಾಪಾಡಿದ್ದ.

ಅಂದಿನಿಂದ ನಾನು ನಡೆಸಿರುವ ಅಭ್ಯಾಸ ಇದು. ತಪ್ಪಿಲ್ಲದೆ ನುಡಿಸಬಹುದಾದಷ್ಟು ನಿಧಾನವಾಗಿ ಆರಂಭಿಸುವುದು. ಅದು ಹಗುರವೆನಿಸಿದ ಮೇಲೆ ಮಾತ್ರ ನಾಲ್ಕೈದು ಬಡಿತ ಏರಿಸುವುದು. ಆಮೇಲೆ 80ರ ಬದಲು 40ಕ್ಕೆ ಇಳಿಸಿ, ಎರಡು ಮಾತ್ರೆಗೊಂದೇ ಬಡಿತ ಬರುವಂತೆ ಮಾಡಿಕೊಂಡು ನಡುವಿನದನ್ನು ನಾವೇ ಹೊರುವುದು. ಕೊನೆಗೆ ಸದ್ದನ್ನು ಅಡಗಿಸಿ ಎರಡು ಆವರ್ತನ ನುಡಿಸಿ, ಮತ್ತೆ ಸದ್ದು ತೆರೆದು ಎಷ್ಟು ಜಾರಿದ್ದೇವೆಂದು ನೋಡುವುದು. ಯಂತ್ರದ ಕೆಲಸ ಇಷ್ಟೇ: ಮುಲಾಜಿಲ್ಲದೆ ತಪ್ಪು ತೋರಿಸುವುದು. ಹಾಡಿನ ಉಸಿರು, ಸಮ್‌ಗೆ ಬಂದು ಸೇರುವ ಸುಖ, ಇವು ಜೊತೆಗಾರನಿಂದಲೇ ಬರಬೇಕು.

ಆದ್ದರಿಂದ, ಮಗನೇ, ನಿನ್ನ ಮಗಳು ದಿನಕ್ಕೆ ಸ್ವಲ್ಪ ಹೊತ್ತು ಮೆಟ್ರೊನೋಮಿನೊಡನೆ ಬಾರಿಸಲಿ, ಉಳಿದ ಹೊತ್ತು ಲೆಹರಾ ನುಡಿಸುವವರ ಜೊತೆ ಕೂಡಲಿ. ಅವಳು ಮಿಷನ್ ಆಗುವುದಿಲ್ಲ. ಅಂದು ಶಾಲೆಯಲ್ಲಿ ಇಂಥದೊಂದು ಯಂತ್ರವಿದ್ದಿದ್ದರೆ ನೀನು ಅಷ್ಟು ಬೈಗುಳ ತಿನ್ನುತ್ತಿರಲಿಲ್ಲ. ತಪ್ಪು ನನ್ನದಾಗಿತ್ತು. ಎಲ್ಲರ ಎದುರಿಗೆ ಗದರಿದ್ದೆನಾದ್ದರಿಂದ, ನಿನ್ನ ಸಹಪಾಠಿಗಳೂ ಓದುವ ಈ ಜಾಗದಲ್ಲಿಯೇ ಅದನ್ನು ಒಪ್ಪಿಕೊಂಡಿದ್ದೇನೆ. ಮುಂದಿನ ಸಲ ಊರಿಗೆ ಬಂದಾಗ ಮಗಳನ್ನು ಕರೆದುಕೊಂಡು ಬಾ. ಪೇಟಿ ಇನ್ನೂ ಸುಸ್ಥಿತಿಯಲ್ಲಿದೆ. ಈ ಬಾರಿ ನಾನು ಓಡುವುದಿಲ್ಲ.