ಆಂಗ್ಲನಾಡಿನಲ್ಲಿ ಯೋಗದ ಪ್ರವೇಶ

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರರು ಬಾಲ್ಯದಲ್ಲಿಯೇ ಕ್ಷಯಾದಿ ರೋಗಗಳಿಂದ ಜರ್ಜರಿತರಾಗಿದ್ದರು. 1934ರಲ್ಲಿ ಮೈಸೂರಿಗೆ ಬಂದ ಅವರು ಭಾವನವರಾದ ತಿರುಮಲೆ ಕೃಷ್ಣಮಾಚಾರ್ಯರಲ್ಲಿ ಯೋಗಾಸನಗಳನ್ನು ಕಲಿತು ಕ್ರಮೇಣ ಆರೋಗ್ಯವಂತರಾದರು. 1952ರಲ್ಲಿ ಮುಂಬಯಿಯಲ್ಲಿ ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ನರ ದೇಹಾಯಾಸವನ್ನು ಅವರು ಶಮನಗೊಳಿಸಿದರು. ಆ ಪರಿಚಯವೇ 1954ರಲ್ಲಿ ಅವರನ್ನು ಲಂಡನ್ನಿಗೆ ಕರೆದೊಯ್ದಿತು.

ಮುಂದೆ ಲಂಡನ್ನಿನ ಶಿಕ್ಷಣ ಪ್ರಾಧಿಕಾರವು ವಯಸ್ಕರ ತರಗತಿಗಳಲ್ಲಿ ಈ ಪದ್ಧತಿಯ ಬೋಧನೆಗೆ ಒಪ್ಪಿತಾದರೂ ತತ್ತ್ವಬೋಧೆ ಕೂಡದೆಂದು ವಿಧಿಸಿತು. ಹೀಗೆ ವ್ಯಾಯಾಮಕ್ಕೆ ಬಾಗಿಲು ತೆರೆಯಿತು, ಧ್ಯಾನವು ಹೊರಗುಳಿಯುವಂತಾಯಿತು. ಅಯ್ಯಂಗಾರರಾದರೋ ಎಚ್ಚರದಿಂದ ಮಾಡಿದ ಆಸನವೂ ಧ್ಯಾನವೇ ಎಂದು ಬಗೆದರು. ರೋಗಿಗಳಿಗೂ ವೃದ್ಧರಿಗೂ ಆಸನಗಳು ಸುಲಭವಾಗಲೆಂದು ಹಗ್ಗ, ಮರದ ತುಂಡು, ಕುರ್ಚಿಗಳ ಆಸರೆಯನ್ನು ರೂಢಿಗೆ ತಂದರು. ಕಾಯವನ್ನು ಕಡೆಗಣಿಸಿದ ಸಾಧನೆಯೂ ಅಂತರಂಗವನ್ನು ಮರೆತ ವ್ಯಾಯಾಮವೂ ಅಪೂರ್ಣವೆಂಬುದನ್ನು ಈ ಇತಿಹಾಸವು ತಿಳಿಸುತ್ತದೆ.